ಲಗ್ಗೆರೆಯ ಶಿಶುಪಾಲನಾ ಕೇಂದ್ರ: ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಒಂದು ವಿಮರ್ಶೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಲಗ್ಗೆರೆಯಲ್ಲಿ, ಬಾಡಿಗೆ ಮನೆಯೊಂದರ ನೆಲಮಹಡಿಯಲ್ಲಿ ನಡೆಯುವ ಈ ಶಿಶುಪಾಲನಾ ಕೇಂದ್ರಕ್ಕೆ ನನ್ನ ಎರಡು ವರ್ಷದ ಮಗಳು ಹೋಗುತ್ತಾಳೆ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ತೆರೆದಿರುವುದೇ ಇದರ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಅಂಗನವಾಡಿಯಲ್ಲಿ ಮಕ್ಕಳನ್ನು ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ, ಅದೂ ಸಂಜೆ ನಾಲ್ಕರ ಸುಮಾರಿಗೆ ಮುಗಿಯುತ್ತದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಬಿಡುವುದು ಐದೂವರೆಗೆ, ಓಟಿ ಇದ್ದರೆ ಇನ್ನೂ ತಡ. ಇಷ್ಟು ಅಂತರಕ್ಕಾಗಿಯೇ ಕೈಯಲ್ಲಿದ್ದ ಕೆಲಸವನ್ನು ಬಿಟ್ಟ ಹೆಂಗಸರು ನಮ್ಮ ಬೀದಿಯಲ್ಲಿ ಹಲವರಿದ್ದಾರೆ.

ಇಲ್ಲಿಗೆ ಮಕ್ಕಳನ್ನು ಬಿಡುವವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿಯವರೆಗೆ ಓದಿದವರು. ಒಂದು ಅಥವಾ ಎರಡು ಮಕ್ಕಳ ತಾಯಂದಿರು. ಅವರ ಅಮ್ಮಂದಿರು ಐದಾರು ಮಕ್ಕಳನ್ನು ಹೆತ್ತು, ದುಡಿಯಲು ಹೋಗುವಾಗ ಕೂಸನ್ನು ಹಿರಿಯ ಮಗಳ ಕಂಕುಳಿಗೆ ಕೊಡುತ್ತಿದ್ದರು. ಆ ಹಿರಿಯ ಮಗಳ ಶಾಲೆ ಅಲ್ಲಿಗೇ ನಿಲ್ಲುತ್ತಿತ್ತು, ಮದುವೆ ಬೇಗ ಆಗುತ್ತಿತ್ತು, ಮತ್ತೆ ಅವಳಿಗೂ ಹೆಚ್ಚು ಮಕ್ಕಳು. ಶಾಲೆಯಲ್ಲಿ ಉಳಿದ ಹುಡುಗಿಗೆ ಮದುವೆಯೂ ಮೊದಲ ಹೆರಿಗೆಯೂ ಮುಂದಕ್ಕೆ ಹೋಗುತ್ತವೆ, ಎಷ್ಟು ಮಕ್ಕಳು ಬೇಕೆಂಬ ಮಾತಿನಲ್ಲಿ ಅವಳ ದನಿಗೂ ಬೆಲೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶಾಲೆಗೇ ಹೋಗದ ಮಹಿಳೆಯರ ಸರಾಸರಿ ಫಲವತ್ತತೆ 2.8 ಮಕ್ಕಳಾದರೆ, 12 ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರದು 1.8. ಕರ್ನಾಟಕದ ಒಟ್ಟಾರೆ ದರ 1.7, ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಜನಸಂಖ್ಯೆಯ ಚಿಂತೆಯನ್ನು ಓದು ಬಹುಮಟ್ಟಿಗೆ ನೀಗಿಸಿದೆ, ಆದರೆ ಓದಿದವಳು ಮೊದಲ ಮಗುವಾದ ಮೇಲೆ ಸಂಬಳಕ್ಕೆ ಮರಳುವುದಕ್ಕೆ ಇಂಥ ಒಂದು ಕೋಣೆ ಬೇಕೇ ಬೇಕು.

ಈಗ ಆ ಕೋಣೆಯ ಬಗ್ಗೆ. ಊಟ ಚೆನ್ನಾಗಿದೆ: ಚಿಕ್ಕವರಿಗೆ ರಾಗಿ ಸರಿ, ದೊಡ್ಡವರಿಗೆ ಮೆತ್ತಗೆ ಕಲಸಿದ ಬೇಳೆ ಅನ್ನ, ಸಂಜೆಗೆ ಬಾಳೆಹಣ್ಣು. ಇಬ್ಬರು ಆಯಾಗಳೂ ಇದೇ ಬಡಾವಣೆಯವರು, ಮಕ್ಕಳನ್ನು ಹೆಸರು ಹಿಡಿದು ಮಾತನಾಡಿಸುತ್ತಾರೆ, ಜ್ವರ ಬಂದರೆ ತಕ್ಷಣ ಫೋನ್ ಮಾಡುತ್ತಾರೆ. ಆದರೆ ಇಪ್ಪತ್ತರಷ್ಟು ಮಕ್ಕಳಿಗೆ ಇಬ್ಬರೇ ಸಾಲುವುದಿಲ್ಲ. ಮಲಗುವ ಕೋಣೆಗೆ ಒಂದೇ ಕಿಟಕಿ. ಬೇಸಿಗೆಯ ಮಧ್ಯಾಹ್ನ ಮಕ್ಕಳು ಬೆವರಿ ಎದ್ದು ಅಳುತ್ತಾರೆ. ಇದನ್ನು ನಡೆಸುವವರಿಗೆ ನೇರವಾಗಿಯೇ ಹೇಳಿದ್ದೇನೆ, ಇನ್ನೂ ಸರಿಹೋಗಿಲ್ಲ.

ತಿಂಗಳಿಗೆ 4,000 ರೂಪಾಯಿ ಶುಲ್ಕ. ನನ್ನಂತೆ ಕಚೇರಿಯಲ್ಲಿ ಲೆಕ್ಕಪತ್ರ ನೋಡುವವರಿಗೆ ಇದು ನಿಭಾಯಿಸಬಹುದಾದ ಮೊತ್ತ. ಹದಿಮೂರು ಸಾವಿರದ ಆಸುಪಾಸು ಕೈಗೆ ಬರುವ ಟೈಲರ್‌ಗೆ ಇದು ಸಂಬಳದ ಮೂರರಲ್ಲೊಂದು ಪಾಲು, ಎರಡನೆಯ ಮಗುವಾದರೆ ಲೆಕ್ಕವೇ ಕೂಡಿಬರುವುದಿಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳಿತ್ತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಇದನ್ನೇ ವಿಧಿಸಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಲು ಅವಕಾಶ ಕೊಟ್ಟಿತ್ತು. 2025ರ ನವೆಂಬರ್‌ನಲ್ಲಿ ಈ ಎರಡು ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದರೂ 50 ಉದ್ಯೋಗಿಗಳ ನಿಯಮ ಉಳಿದಿದೆ. ಹತ್ತಿಪ್ಪತ್ತು ಜನರ ಸಣ್ಣ ಘಟಕಗಳಲ್ಲಿ ದುಡಿಯುವವರು, ಮನೆಗೆಲಸದವರು ಇದರ ಆಚೆ ಉಳಿಯುತ್ತಾರೆ. ಈ ಕೇಂದ್ರದ ಬಾಗಿಲಿಗೆ ಬಂದು ಶುಲ್ಕ ಕೇಳಿ ಹಿಂತಿರುಗುವವರೂ ಅವರೇ. ಅಂಥವರ ಶುಲ್ಕದಲ್ಲಿ ಸರ್ಕಾರವೋ ಮಾಲೀಕರೋ ಪಾಲು ಹೊರುವುದು ನ್ಯಾಯ.

ಒಂದು ವರ್ಷ ತುಂಬದ ಕೂಸನ್ನು ಇಲ್ಲಿ ಬಿಡಲು ನಾನು ಹೇಳಲಾರೆ. ಮೂರನೆಯ ಆಯಾ ಬಂದರೆ ನೋಡಬಹುದು. ನಡೆಯಲು ಕಲಿತ ಮಕ್ಕಳಿಗೆ, ಸುತ್ತಮುತ್ತಲ ಇತರ ಕೇಂದ್ರಗಳಿಗಿಂತ ಇದನ್ನೇ ಆರಿಸಿಕೊಳ್ಳಿ. ಸೇರಿಸುವ ಮುನ್ನ ಮಧ್ಯಾಹ್ನದ ಹೊತ್ತು ಹೋಗಿ ಮಲಗುವ ಕೋಣೆಯನ್ನು ನೋಡಿ, ಏಳು ಗಂಟೆ ಮೀರಿದರೆ ಹೆಚ್ಚುವರಿಯಾಗಿ ಎಷ್ಟು ಕೊಡಬೇಕೆಂದು ಮೊದಲೇ ಕೇಳಿಕೊಳ್ಳಿ.