ಕೂಸಿಗೆ ಪುಡಿ ಪೊಟ್ಟಣ ಕಟ್ಟಿಸುವವರೇ, ಮೊದಲು ಗುಳಿಗೆಯ ಸ್ಟ್ರಿಪ್ ನೋಡಿ

ನನ್ನ ತಂಗಿಯ ಮೂರು ತಿಂಗಳ ಕೂಸಿಗೆ ಫಿಟ್ಸ್. ಹುಬ್ಬಳ್ಳಿಯ ಡಾಕ್ಟರು ಫಿನೋಬಾರ್ಬಿಟೋನ್ ಬರೆದಿದ್ದರು, ರಾತ್ರಿಗೊಮ್ಮೆ 15 ಮಿಲಿಗ್ರಾಂ. ನಮ್ಮೂರಲ್ಲಿ ಸಿರಪ್ ಸಿಗಲಿಲ್ಲ. ಮೆಡಿಕಲ್ ಶಾಪಿನವರು 30ರ ಐದು ಗುಳಿಗೆ ಅರೆದು ಹತ್ತು ಪೊಟ್ಟಣ ಕಟ್ಟಿಕೊಡುತ್ತಿದ್ದರು. ಒಂದು ತಿಂಗಳು ತೊಂದರೆಯಿರಲಿಲ್ಲ.

ನಾಲ್ಕನೇ ಸಲ ತಂದ ಪೊಟ್ಟಣ ಶುರುವಾದ ಮೇಲೆ ಕೂಸು ಮಂಕಾಯಿತು. ಅಳು ಕಡಿಮೆಯಾಯಿತಲ್ಲ ಎಂದು ನಮ್ಮವ್ವ ಖುಷಿಪಟ್ಟಳು ಬೇರೆ! ಆರನೇ ದಿನ ಬೆಳಿಗ್ಗೆ ಹಾಲಿಗೂ ಏಳಲಿಲ್ಲ, ಕೈಕಾಲು ಜೋತುಬಿದ್ದಿದ್ದವು. ಹುಬ್ಬಳ್ಳಿಗೆ ಓಡಿದೆವು. ಡಾಕ್ಟರು ಪೊಟ್ಟಣ ಬಿಚ್ಚಿ, "ಇದರಾಗ ಎಷ್ಟೈತಿ?" ಅಂದರು. ಹಾಳೆಯ ಮೇಲೆ ಒಂದಕ್ಷರವಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಹುಡುಗ ಸಲೀಸಾಗಿ ಹೇಳಿದ: "ಅದ ಗುಳಿಗಿರಿ ಅಣ್ಣಾರ, ಪವರ್ ಅಷ್ಟ ಬ್ಯಾರೆ. 30ರದ್ದು ಖಾಲಿ ಆಗಿತ್ತು, 60ರದ್ದು ಹಾಕೀನಿ."

ಐದೇ ಗುಳಿಗೆ, ಹತ್ತೇ ಪೊಟ್ಟಣ. ಅವನ ಪ್ರಕಾರ ಲೆಕ್ಕ ಸರಿಯಿತ್ತು. ಕೂಸಿನ ಹೊಟ್ಟೆಗೆ ಮಾತ್ರ ದಿನಕ್ಕೆ 30 ಮಿಲಿಗ್ರಾಂ ಹೋಯಿತು. ಈ ಔಷಧ ಮೈಯಿಂದ ಇಳಿಯಲು ದಿನಗಟ್ಟಲೆ ಬೇಕಂತೆ, ಹಾಗಾಗಿ ಒಳಗೆ ಏರುತ್ತಲೇ ಹೋಗಿದೆ. ಪುಡಿ ನೋಡಿ ಗುರುತು ಹಿಡಿಯೋಣವೆಂದರೆ ಗುಳಿಗೆಯಲ್ಲಿ ಔಷಧಕ್ಕಿಂತ ಪಿಷ್ಟದಂಥ ಭರ್ತಿಯೇ ಹೆಚ್ಚು. ಮೇಲಾಗಿ ಆತ ತಕ್ಕಡಿ ಮುಟ್ಟಿದವನಲ್ಲ, ಬ್ಲೇಡಿನಿಂದ ಗೆರೆ ಎಳೆದು ಕಣ್ಣಳತೆಯಲ್ಲೇ ಪಾಲು ಹಾಕುತ್ತಿದ್ದ. ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದ ಫಾರ್ಮಸಿಸ್ಟರನ್ನು ನಾನಂತೂ ಒಮ್ಮೆಯೂ ಕಂಡಿಲ್ಲ.

ಪುಡಿ ಕಟ್ಟಿಕೊಡುವುದೇ ತಪ್ಪು ಅನ್ನುತ್ತಿಲ್ಲ. ಕೂಸುಗಳಿಗೆ ಹೊಂದುವ ಔಷಧ ಸಿಗದ ಊರಲ್ಲಿ ಬೇರೆ ದಾರಿ ಏನಿದೆ? ಹಿಂದಿನ ಕಾಂಪೌಂಡರುಗಳು ಮಿಕ್ಸ್ಚರ್ ಬಾಟಲಿಗೆ ಡೋಸಿನ ಗುರುತಿಗೆ ಕತ್ತರಿಸಿದ ಕಾಗದದ ಪಟ್ಟಿಯನ್ನಾದರೂ ಅಂಟಿಸುತ್ತಿದ್ದರು. ಚೀಟಿ ನೋಡಿ ತಯಾರಿಸಿಕೊಟ್ಟ ಔಷಧದ ಮೇಲೆ ಅಂಗಡಿಯ ಹೆಸರು, ವಿಳಾಸ, ರೋಗಿಯ ಹೆಸರು, ರಿಜಿಸ್ಟರ್ ನಂಬರು, ಡೋಸು ಇರಬೇಕೆಂದು 1945ರ ಔಷಧ ನಿಯಮಗಳಲ್ಲೇ ಇದೆ. ನಮಗೆ ಸಿಕ್ಕಿದ್ದು ಖಾಲಿ ಹಾಳೆ.

ಅರೆಯುವ ಮುಂಚೆ ಸ್ಟ್ರಿಪ್ ಇಸಿದುಕೊಂಡು ಫೋಟೊ ತೆಗೆಯಿರಿ, ಚೀಟಿಯ ಜೊತೆ ಹೋಲಿಸಿ. ಪ್ರತಿ ಪೊಟ್ಟಣದ ಮೇಲೂ ಮಿಲಿಗ್ರಾಂ ಬರೆಸಿ. ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ. ಕೂಸು ಮಂಕಾದರೆ ಉಳಿದ ಪೊಟ್ಟಣಗಳ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಫಿಟ್ಸಿನ ಔಷಧವನ್ನು ನೀವಾಗಿ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ, ಫಿಟ್ಸ್ ಮರುಕಳಿಸಬಹುದು.

ನಮ್ಮ ಕೂಸು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದೆ, ಮೊದಲಿನಂತೆ ಹಟ ಹಿಡಿದು ಅಳುತ್ತದೆ. ಸಿರಪ್ಪನ್ನು ಹುಬ್ಬಳ್ಳಿಯಿಂದಲೇ ತರಿಸುತ್ತಿದ್ದೇವೆ. ಉಳಿದ ಐದು ಪೊಟ್ಟಣ ನನ್ನ ಹತ್ತಿರ ಇವೆ. ಸೋಮವಾರ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡುವಾಗ ಒಯ್ಯುತ್ತೇನೆ.