ಬರಕ್ಕೆ ಒಣಗಿದ ಹೆಬ್ಬೇವು: ಎಫ್‌ಎಒ ಮಾರ್ಗಸೂಚಿಯೋ, ಎಫ್‌ಎಸ್‌ಸಿ ಪತ್ರವೋ?

ಜಯನಗರದ ಗೆಳೆಯರೊಬ್ಬರಿಗೆ ಕನಕಪುರದ ಆಚೆ ನಾಲ್ಕು ಎಕರೆ ಹೆಬ್ಬೇವಿನ ತೋಪಿದೆ. 2023ರ ಬರದಲ್ಲಿ ಮರಗಳ ತುದಿ ಒಣಗಿತು, ಈಗ ಗಾಳಿ ಬೀಸಿದರೆ ಕೊಂಬೆ ಮುರಿಯುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಮಾರ್ಗಸೂಚಿ ಹಿಡಿಯಲೋ, ಕಾಡು-ತೋಪನ್ನು ಜವಾಬ್ದಾರಿಯಿಂದ ನೋಡಿಕೊಂಡಿದ್ದಕ್ಕೆ ಸಿಗುವ ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರಕ್ಕೆ ಹೋಗಲೋ ಅಂತ ಕೇಳಿದ್ದಾರೆ. ಎರಡೂ ಸ್ವಯಂಪ್ರೇರಿತ. ಕಡಿಯೋದು, ಸಾಗಿಸೋದಕ್ಕೆ ಅರಣ್ಯ ಇಲಾಖೆಯ ನಿಯಮ ಬೇರೆಯೇ ಇದೆ.

ಖರ್ಚಿನ ಮಾತು ಬೇಗ ಮುಗಿಯುತ್ತೆ. ಹವಾಮಾನ ಬದಲಾವಣೆ ಕುರಿತು ಎಫ್‌ಎಒ 2013ರಲ್ಲಿ ತಂದ ಮಾರ್ಗಸೂಚಿ ಉಚಿತ, ತಪಾಸಣೆಗೆ ಯಾರೂ ಬರೋದಿಲ್ಲ. ಎಫ್‌ಎಸ್‌ಸಿ ಪತ್ರ ಐದು ವರ್ಷದ್ದು. ಪ್ರತಿ ವರ್ಷ ಆಡಿಟ್, ಅದಕ್ಕೆ ಶುಲ್ಕ. ನಾಲ್ಕು ಎಕರೆಯವರು ಒಬ್ಬರೇ ಹೋದರೆ ಕೈ ಸುಡುತ್ತೆ, ಗುಂಪಾಗಿ ಹೋಗಬೇಕು.

ಹಾನಿ ತಡೆಯೋದರಲ್ಲಿ ಎಫ್‌ಎಒ ಹೆಚ್ಚು ನೇರ. ಮೊದಲು ಅಪಾಯ ಅಳೆಯಿರಿ, ಒತ್ತಾಗಿರುವ ಮರ ತೆಗೆದು ದಟ್ಟಣೆ ಇಳಿಸಿ, ಬೇರೆ ಬೇರೆ ಜಾತಿಯ ಮರ ಬೆರೆಸಿ, ಮತ್ತೆ ಮತ್ತೆ ಗಮನಿಸಿ ಅನ್ನುತ್ತೆ. ನಮ್ಮ ತೋಟದಲ್ಲಿ ಅದರರ್ಥ: ಚಾಕುವಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಆ ಕೊಂಬೆಗೆ ಜೀವ ಇದೆ. ಬುಡದಲ್ಲಿ ಮರದ ಹುಡಿ ಉದುರಿದ್ದರೆ ಕೊರೆಯುವ ಹುಳು ಇರಬಹುದು. ಎಫ್‌ಎಸ್‌ಸಿ ಕೂಲಿಯವರ ಹಕ್ಕು, ನೀರು, ವನ್ಯಜೀವಿ ಎಲ್ಲವನ್ನೂ ನೋಡುತ್ತೆ. ಬರದ ಕೈಪಿಡಿ ಅಂತ ಅದನ್ನು ತೆರೆದರೆ ನಿರಾಸೆಯೇ.

ಪಕ್ಕದಲ್ಲಿ ಒಣಹುಲ್ಲಿನ ಗೋಮಾಳ ಇದ್ದರೆ ಎಫ್‌ಎಒದ 2006ರ ಬೆಂಕಿ ನಿರ್ವಹಣಾ ಮಾರ್ಗಸೂಚಿಯನ್ನೂ ಓದಿ, ಫೆಬ್ರವರಿಗೆ ಮುಂಚೆ ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಕೆರೆಸಿ.

ಊರ ಮಿಲ್ಲಿಗೇ ಮಾರೋದಾದರೆ ಎಫ್‌ಎಒ ಸಾಕು. ರಫ್ತಿನ ಪೀಠೋಪಕರಣದವರು ಪತ್ರ ಕೇಳಿದರೆ, ಅಕ್ಕಪಕ್ಕದ ರೈತರೂ ಕೂಡಿದರೆ, ಎಫ್‌ಎಸ್‌ಸಿ ಗಿಟ್ಟೀತು.