ಹಾರ್ಡ್‌ಟೇಲ್ ಅಥವಾ ಫುಲ್ ಸಸ್ಪೆನ್ಷನ್? ಪುಣೆಯ ಗುಡ್ಡದಲ್ಲಿ ಎರಡನ್ನೂ ಓಡಿಸಿ ನೋಡಿದ್ದು

ಕ್ರಾಸ್ ಕಂಟ್ರಿ, ಅಂದ್ರೆ ಗುಡ್ಡಗಾಡಿನ ಕಚ್ಚಾ ದಾರಿಯ ರೇಸಿಗೆ ಸೈಕಲ್ ಹುಡುಕುವವರು ಮೊದಲು ಕೇಳುವುದೇ ಇದು: ಹಿಂದಿನ ಚಕ್ರಕ್ಕೂ ಪೆಟ್ಟು ತಡೆಯುವ ಶಾಕ್ ಬೇಕಾ, ಮುಂದಿನದಕ್ಕೆ ಇದ್ದರೆ ಸಾಕಾ? ನನ್ನದು ಹಾರ್ಡ್‌ಟೇಲ್, ಅಂದ್ರೆ ಹಿಂದೆ ಶಾಕ್ ಇಲ್ಲ. ಧಾರವಾಡದ ಕಡೆಯ ಗೆಳೆಯನದು ಫುಲ್ ಸಸ್ಪೆನ್ಷನ್, ಹಿಂದೆ ಮುಂದೆ ಎರಡೂ ಕಡೆ ಶಾಕ್. ಎರಡಕ್ಕೂ 29 ಇಂಚಿನ ಚಕ್ರ. ಒಂದೇ ಥರದ ಟೈರ್ ಹಾಕಿ, ಗಾಳಿಯನ್ನೂ ಒಂದೇ ಅಳತೆಗೆ ಇಟ್ಟು, ವೇತಾಳ ಟೇಕಡಿಯಲ್ಲಿ ಅದಲುಬದಲು ಮಾಡಿಕೊಂಡು ಓಡಿಸಿದೆವು.

ಡಾಂಬರಿನ ಏರಿನಲ್ಲಿ ಹಾರ್ಡ್‌ಟೇಲ್ ಮುಂದೆ. ಸುಮಾರು ಎರಡು ಕೆಜಿ ಹಗುರ, ಎದ್ದು ತುಳಿದರೆ ತುಳಿದಷ್ಟೂ ಮುಂದಕ್ಕೆ ಹೋಗುತ್ತದೆ. ಇನ್ನೊಂದರಲ್ಲಿ ಶಾಕ್ ಅಲುಗದಂತೆ ಹಿಡಿಯುವ ಹ್ಯಾಂಡಲ್ ಮೇಲಿನ ಲಾಕ್ ಒತ್ತದಿದ್ದರೆ ಅರ್ಧ ಶಕ್ತಿ ಶಾಕ್ ಕುಣಿಸುವುದಕ್ಕೇ ಹೋದಂತೆ ಅನ್ನಿಸುತ್ತದೆ.

ಆದರೆ ಕಲ್ಲುಗಣಿಯ ಮೇಲಿನ ಏರು ಬೇರೆ. ಅಲ್ಲಿ ಮುಷ್ಟಿಗಾತ್ರದ ಕರಿಕಲ್ಲು, ನಡುವೆ ಸಡಿಲ ಗರಸು. ಹಾರ್ಡ್‌ಟೇಲ್‌ನ ಹಿಂದಿನ ಚಕ್ರ ಕಲ್ಲಿಗೆ ತಾಗಿದ ಕೂಡಲೇ ಪುಟಿಯುತ್ತದೆ. ನೆಲ ಸಿಗದೆ ಅರೆಗಳಿಗೆ ಸುಮ್ನೆ ತಿರುಗುತ್ತದೆ, ಅಷ್ಟರಲ್ಲಿ ವೇಗ ಸತ್ತಿರುತ್ತದೆ. ಸೀಟಿನಿಂದ ಸ್ವಲ್ಪ ಎದ್ದು ಮೊಣಕಾಲಲ್ಲೇ ಪೆಟ್ಟು ತಡೆದುಕೊಳ್ಳಬೇಕು. ಫುಲ್ ಸಸ್ಪೆನ್ಷನ್‌ನಲ್ಲಿ ಕೂತೇ ತುಳಿಯಬಹುದು. ಚಕ್ರ ಕಲ್ಲು ಹತ್ತಿ ಇಳಿಯುತ್ತದೆ, ಹಿಡಿತ ಬಿಡುವುದಿಲ್ಲ. ಭಾರದ ಸೈಕಲ್ಲೇ ಏರಿನಲ್ಲಿ ಗೆದ್ದಿದ್ದು ನನಗೆ ನಿಜಕ್ಕೂ ಆಶ್ಚರ್ಯ. ಇಳಿಜಾರಿನ ಮಾತೇ ಬೇಡ, ಹೋಲಿಕೆಯೇ ಇಲ್ಲ.

ದೊಡ್ಡ ರೇಸ್‌ಗಳಲ್ಲೂ ಗಾಳಿ ಇದೇ ಕಡೆ ತಿರುಗಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫುಲ್ ಸಸ್ಪೆನ್ಷನ್ ಓಡಿಸಿದ ಚೆಕ್ ಸವಾರ ಯಾರೊಸ್ಲಾವ್ ಕುಲ್ಹಾವಿ, ಹಾರ್ಡ್‌ಟೇಲ್ ಮೇಲಿದ್ದ ಸ್ವಿಸ್ ಸವಾರ ನೀನೊ ಶುರ್ಟರ್‌ನನ್ನು ಒಂದೇ ಸೆಕೆಂಡಿನಿಂದ ಸೋಲಿಸಿದರು. 2016ರಲ್ಲಿ ರಿಯೊದಲ್ಲಿ ಚಿನ್ನ ಗೆದ್ದಾಗ ಶುರ್ಟರ್ ಕೂಡ ಫುಲ್ ಸಸ್ಪೆನ್ಷನ್ ಮೇಲಿದ್ದರು. ಒಂದೂವರೆ ಗಂಟೆಯ ಓಟದಲ್ಲಿ ಕೊನೆಯ ಸುತ್ತಿಗೆ ಸೊಂಟದಲ್ಲಿ ಎಷ್ಟು ಜೀವ ಉಳಿದಿದೆ ಅನ್ನುವುದೇ ಮುಖ್ಯ ಅಲ್ವಾ?

ಖರ್ಚು ಮಾತ್ರ ಜಾಸ್ತಿ. ಮಳೆಗಾಲದಲ್ಲಿ ಇಲ್ಲಿನ ಕೆಸರು ಹಿಂದಿನ ಕೀಲುಗಳಿಗೆ ನುಗ್ಗುತ್ತದೆ. ಬೇರಿಂಗ್ ಬಿಚ್ಚಿ ತೊಳೆದು ಗ್ರೀಸ್ ಹಚ್ಚುವುದು ತಪ್ಪುವುದಿಲ್ಲ. ಹಾರ್ಡ್‌ಟೇಲ್‌ಗೆ ನೀರು ಹೊಯ್ದು ಚೈನಿಗೆ ಎಣ್ಣೆ ಬಿಟ್ಟರೆ ಆಯಿತು.

ರೇಸಿಗೇ ಅಂತ ತಗೊಳ್ಳುವುದಾದರೆ ನನ್ನ ಓಟು ಫುಲ್ ಸಸ್ಪೆನ್ಷನ್‌ಗೆ. ಆದರೆ ಅಗ್ಗದ್ದು ಬೇಡವೇ ಬೇಡ. ಅಂಥವುಗಳ ಶಾಕ್ ಬರೀ ಕುಣಿಯುತ್ತದೆ, ತೂಕವೂ ಹೊರಲಾರದಷ್ಟು. ಅದೇ ದುಡ್ಡಿಗೆ ಒಳ್ಳೆಯ ಹಾರ್ಡ್‌ಟೇಲ್ ತಗೊಂಡು ಟ್ಯೂಬ್‌ಲೆಸ್ ಟೈರ್ ಹಾಕಿಸಿ. ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಗರಸಿನಲ್ಲೂ ಹಿಡಿತ ಸಿಗುತ್ತದೆ.